ಮುಚ್ಚಳ ನೋಡಿ ಡಬ್ಬಿ ಆರಿಸಿ: ಮಳೆಗಾಲದ ಚಾರಣಕ್ಕೆ ಮನೆಯದೇ ಸಾಮಾನು

ನಮ್ಮಪ್ಪನಿಗೆ ಶುಗರ್ ಇದೆ. ಬೆಳಿಗ್ಗೆ ಎದ್ದು ಬೆರಳು ಚುಚ್ಚಿ ನೋಡಿಕೊಳ್ಳುತ್ತಾರೆ. ಹಾಗಾಗಿ ಗ್ಲುಕೋಮೀಟರ್ ಸ್ಟ್ರಿಪ್ಪಿನ ಖಾಲಿ ಡಬ್ಬಿಗಳಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಅಮ್ಮ ಅದರಲ್ಲಿ ಸೇಫ್ಟಿ ಪಿನ್ ಹಾಕಿಡುತ್ತಾಳೆ, ನಾನು ಬೆಂಕಿಕಡ್ಡಿ ಹಾಕಿ ಬೆಟ್ಟಕ್ಕೆ ಒಯ್ಯುತ್ತೇನೆ. ಅಂಗಡಿಯಲ್ಲಿ ವಾಟರ್‌ಪ್ರೂಫ್ ಅಂತ ಬರೆದು ಮಾರುವ ಪುಟ್ಟ ಡಬ್ಬಿಗಳಿಗೆ ಸುಮ್ನೆ ದುಡ್ಡು ಯಾಕೆ ಕೊಡಬೇಕು?

ಡಬ್ಬಿ ಆರಿಸುವಾಗ ನಾನು ನೋಡುವುದು ಮುಚ್ಚಳವನ್ನು. ಡಬ್ಬಿ ಗಟ್ಟಿ ಇದ್ದು ಮುಚ್ಚಳ ಸಡಿಲ ಇದ್ದರೆ ಪ್ರಯೋಜನ ಇಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿ ನೀರು ಮೇಲಿಂದ ಮಾತ್ರ ಬರುವುದಿಲ್ಲ. ಕುದುರೆಮುಖ ಹತ್ತುವಾಗ ಮುಳ್ಳೋಡಿ ದಾಟಿದ ಮೇಲೆ ಒಂದಾದ ಮೇಲೊಂದು ಹಳ್ಳ ಸಿಗುತ್ತದೆ. ಮಳೆ ಜೋರಾದರೆ ಬ್ಯಾಗಿನ ತಳವೂ ಒದ್ದೆ. ಅದಕ್ಕೇ ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಡಬ್ಬಿಯೊಳಗೆ ಒಂದು ತುಂಡು ಟಿಶ್ಯೂ ಪೇಪರ್ ಹಾಕಿ, ಮುಚ್ಚಳ ಬಿಗಿಯಾಗಿ ಒತ್ತಿ, ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲಿಡಿ. ರಾತ್ರಿಯಿಡೀ ಇರಲಿ. ಬೆಳಿಗ್ಗೆ ಹೊರಗೆ ಚೆನ್ನಾಗಿ ಒರೆಸಿ ತೆಗೆದು ನೋಡಿ. ಪೇಪರ್ ಗರಿಗರಿಯಾಗಿ ಬಂದರೆ ಆ ಡಬ್ಬಿ ಪಾಸು. ಮೆತ್ತಗಾಗಿದ್ದರೆ ಅದಕ್ಕೆ ಅಡುಗೆಮನೆಯಲ್ಲೇ ಬೇರೆ ಕೆಲಸ ಹುಡುಕಿ.

ಸ್ಟ್ರಿಪ್ ಡಬ್ಬಿಯ ವಿಶೇಷ ಏನೆಂದರೆ, ತೇವ ತಗುಲಿದರೆ ಸ್ಟ್ರಿಪ್ ಕೆಡುತ್ತದೆ ಅಂತ ಕಂಪನಿಯವರೇ ಒಳಗೆ ತೇವ ಹೀರುವ ವಸ್ತು ಸೇರಿಸಿರುತ್ತಾರೆ. ಕೆಲವದರಲ್ಲಿ ಅದು ಮುಚ್ಚಳದಲ್ಲಿರುತ್ತದೆ, ಕೆಲವದರಲ್ಲಿ ಒಳಗೋಡೆಯಲ್ಲೇ ಇರುತ್ತದೆ. ಆದ್ದರಿಂದ ಇದನ್ನು ನೀರಿನಲ್ಲಿ ತೊಳೆಯಬೇಡಿ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ತಿನ್ನುವ ಪದಾರ್ಥ ಇದರಲ್ಲಿ ಹಾಕಲೂಬೇಡಿ, ಮೊದಲಿದ್ದದ್ದು ರಾಸಾಯನಿಕ ಸವರಿದ ಪಟ್ಟಿ ಅಲ್ವಾ. ಖಾಲಿಯಾದ ಕೂಡಲೇ ಮುಚ್ಚಳ ಹಾಕಿಡಿ. ವಾರಗಟ್ಟಲೆ ತೆರೆದು ಬಿಟ್ಟರೆ ಅದರ ಹೀರುವ ಶಕ್ತಿ ನಮ್ಮ ಮನೆಯ ಗಾಳಿಗೇ ಮುಗಿದುಹೋಗುತ್ತದೆ.

ಬೆಂಕಿಕಡ್ಡಿ ತುಂಬುವುದಕ್ಕೂ ಒಂದು ಕ್ರಮವಿದೆ. ಬರೀ ಕಡ್ಡಿ ಹಾಕಿಕೊಂಡು ಹೋಗಿ ಕಲ್ಲಿಗೆ ಗೀರಿದರೆ ಅದು ಹೊತ್ತುವುದಿಲ್ಲ. ನಾವು ಬಳಸುವ ಕಡ್ಡಿಗೆ ಪೊಟ್ಟಣದ ಪಕ್ಕದ ಕಂದು ಪಟ್ಟಿಯೇ ಬೇಕು, ಕೆಂಪು ರಂಜಕ ಇರುವುದು ಅದರಲ್ಲಿ. ಆ ಪಟ್ಟಿಯನ್ನು ಕತ್ತರಿಸಿ, ಒರಟು ಮೈ ಒಳಗಾಗುವಂತೆ ಮಡಚಿ, ಮೇಲೆ ಒಂದು ಸುತ್ತು ಕಾಗದ ಸುತ್ತಿ. ಕಡ್ಡಿಯ ತಲೆಗೂ ಪಟ್ಟಿಗೂ ಒಳಗೆ ತಿಕ್ಕಾಟ ಆಗಬಾರದು. ಕಡ್ಡಿಗಳು ಅಲ್ಲಾಡದಂತೆ ಮೇಲೆ ಸ್ವಲ್ಪ ಹತ್ತಿ ತುರುಕಿ. ಆ ಹತ್ತಿಗೆ ವ್ಯಾಸಲೀನ್ ಹಚ್ಚಿದ್ದರೆ ಒಲೆ ಹೊತ್ತಿಸುವಾಗ ಅದೂ ಉಪಯೋಗಕ್ಕೆ ಬರುತ್ತದೆ. ಚೂರು ಬಿಡಿಸಿ ಎಳೆ ಎಳೆ ಮಾಡಿದರೆ ಬೇಗ ಹೊತ್ತಿಕೊಂಡು, ಬರೀ ಹತ್ತಿಗಿಂತ ಎಷ್ಟೋ ಹೊತ್ತು ಉರಿಯುತ್ತದೆ. ಆದರೆ ಹಾಗೆ ಹಚ್ಚಿದ ಹತ್ತಿಯನ್ನು ಒಂದು ಪ್ಲಾಸ್ಟಿಕ್ ತುಂಡಿನಲ್ಲಿ ಸುತ್ತಿಯೇ ಇಡಿ, ಕಡ್ಡಿಗೆ ಜಿಡ್ಡು ಮೆತ್ತಿಕೊಂಡರೆ ಕೆಲಸ ಕೆಡುತ್ತದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧ, ಅದನ್ನು ಮರೆಯಬೇಡಿ. ಇದು ಹೋಂಸ್ಟೇ ಅಂಗಳದ ಒಲೆಗೆ, ಅನುಮತಿ ಇರುವ ಕ್ಯಾಂಪಿಗೆ. ಮಲೆನಾಡಿನಲ್ಲಿ ಜುಲೈ ತಿಂಗಳ ಕರೆಂಟ್ ಗೊತ್ತಲ್ಲ, ಮನೆಯ ಮೇಣದ ಬತ್ತಿಗೂ ಇದೇ ಡಬ್ಬಿ.

ನೀರಿಗೆ ಹಾಕಿದರೆ ಬುರುಬುರು ಅನ್ನುವ ವಿಟಮಿನ್ ಮಾತ್ರೆಯ ಉದ್ದ ಕೊಳವೆಯೂ ಇದೇ ಜಾತಿಯದು. ಮುಚ್ಚಳದೊಳಗೆ ಸಿಲಿಕಾ ಜೆಲ್ ಇರುತ್ತದೆ. ಅದರಲ್ಲಿ ನಾನು ಇಡುವುದು ಸೂಜಿ, ದಪ್ಪ ದಾರ, ಸುರುಳಿ ಸುತ್ತಿದ ನೂರರ ಎರಡು ನೋಟು, ಆಧಾರ್ ಜೆರಾಕ್ಸ್, ಮನೆಯವರ ನಂಬರ್ ಬರೆದ ಚೀಟಿ. ಫೋನ್ ಸತ್ತಾಗ ಯಾರ ನಂಬರೂ ಬಾಯಿಗೆ ಬರುವುದಿಲ್ಲ.

ಇನ್ನು ಮಾತ್ರೆಗಳು. ಇವನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ. ಕತ್ತಲಲ್ಲಿ ಎಲ್ಲಾ ಬಿಳಿ ಮಾತ್ರೆಯೂ ಒಂದೇ ಥರ. ಪಟ್ಟಿ ಸಮೇತ ಕತ್ತರಿಸಿ, ಅದೂ ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಇರುವ ತುದಿಯನ್ನೇ ಉಳಿಸಿಕೊಂಡು. ತಾರೀಖು ಒಂದು ಅಂಚಿನಲ್ಲಿ ಮಾತ್ರ ಒತ್ತಿರುತ್ತಾರೆ. ನಾವು ಸಾಮಾನ್ಯವಾಗಿ ಆ ಅಂಚಿನಿಂದಲೇ ಮಾತ್ರೆ ನುಂಗಲು ಶುರು ಮಾಡುತ್ತೇವೆ, ಯಾಕೋ! ಓಆರ್‌ಎಸ್ ಪೊಟ್ಟಣ ದೊಡ್ಡದು, ಪುಟ್ಟ ಡಬ್ಬಿಗೆ ಹಿಡಿಸುವುದಿಲ್ಲ. ಅದು ಜಿಪ್ ಕವರಿನಲ್ಲಿರಲಿ. ಪೊಟ್ಟಣ ಮುಗಿದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಮ ಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಬಾರದು.

ಉಪ್ಪು ಅಂದಾಗ ಇಂಬಳದ ನೆನಪಾಗದಿರುತ್ತದೆಯೇ? ಮಲೆನಾಡಿನವರಿಗೆ ಇದು ಹೊಸದಲ್ಲ: ಕಲ್ಲುಪ್ಪನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಆ ಗಂಟನ್ನು ಕೋಲಿನ ತುದಿಗೆ ಬಿಗಿದು, ಕಾಲಿಗೆ ಹತ್ತುವ ಇಂಬಳಕ್ಕೆ ಮುಟ್ಟಿಸುವುದು. ಆ ಗಂಟು ಬ್ಯಾಗಿನಲ್ಲಿ ನೀರೊಡೆದು ಬಟ್ಟೆಯೆಲ್ಲ ರಾಡಿ ಮಾಡದ ಹಾಗೆ, ಅಗಲ ಬಾಯಿಯ ಸ್ಕ್ರೂ ಮುಚ್ಚಳದ ಡಬ್ಬಿಯೊಂದರಲ್ಲಿ ಇಟ್ಟುಕೊಳ್ಳಿ. ನಾನು ಬಳಸುವುದು ಹಾಲ್ಕೋವಾ ಅಂಗಡಿಯಿಂದ ಬಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಆಗಲೇ ಕಚ್ಚಿ ಕೂತ ಇಂಬಳಕ್ಕೆ ಮಾತ್ರ ಉಪ್ಪು ಬೇಡ, ಅದು ಗಾಯದೊಳಗೇ ಕಕ್ಕುವ ಸಾಧ್ಯತೆ ಇದೆ. ಅದರ ತೆಳು ಬಾಯಿಯ ಪಕ್ಕ ಉಗುರು ಆನಿಸಿ ನಿಧಾನಕ್ಕೆ ಸರಿಸಿ. ಬಿಟ್ಟ ಮೇಲೆ ರಕ್ತ ಒಂದಿಷ್ಟು ಹೊತ್ತು ಸುರಿಯುತ್ತದೆ, ಗಾಬರಿ ಬೇಡ. ಒತ್ತಿ ಹಿಡಿದು ಬ್ಯಾಂಡೇಜ್ ಹಾಕಿ.

ಕಣ್ಣಿನ ಡ್ರಾಪ್ಸ್ ಬಾಟಲಿ ಎಣ್ಣೆಗೆ, ಪಾತ್ರೆ ಸೋಪಿಗೆ ಒಳ್ಳೆಯದು. ಮೂತಿಯ ಬಿಳಿ ತುಂಡನ್ನು ಇಕ್ಕಳದಿಂದ ಎಳೆದರೆ ಟಕ್ಕಂತ ಬರುತ್ತದೆ. ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು, ಪೂರ್ತಿ ಒಣಗಿಸಿ, ಬೇಕಾದ್ದು ತುಂಬಿ ಮತ್ತೆ ಒತ್ತಿ. ಹಳೆ ಚೀಟಿ ಕಿತ್ತು ಹೊಸದನ್ನು ಅಂಟಿಸಲೇಬೇಕು, ಯಾರಾದರೂ ಅದನ್ನು ನಿಜವಾಗಿಯೂ ಕಣ್ಣಿಗೆ ಬಿಟ್ಟುಕೊಂಡರೆ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಟ್ಟದ ಮೇಲೆ ಬೆಳಗಿನ ಹೊತ್ತು ಎಷ್ಟು ಹಿಂಡಿದರೂ ಹನಿ ಬರುವುದಿಲ್ಲ. ರಾತ್ರಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ.

ಹಳೆಯ ಸ್ಟುಡಿಯೋದಲ್ಲಿ ಎಲ್ಲಾದರೂ ಫಿಲ್ಮ್ ರೋಲ್ ಡಬ್ಬಿ ಸಿಕ್ಕರೆ ಬಿಡಬೇಡಿ. ಟಾರ್ಚಿನ ಸಣ್ಣ ಸೆಲ್ಲುಗಳಿಗೆ ಅದು ಸರಿ, ನಾಣ್ಯ ಮತ್ತು ಸೇಫ್ಟಿ ಪಿನ್ ಮಾತ್ರ ಸೆಲ್ಲಿನ ಜೊತೆ ಬೇಡ. ಅಮೃತಾಂಜನದ ಗಾಜಿನ ಬಾಟಲಿ ನನಗಿಷ್ಟವಿಲ್ಲ. ಭಾರ, ಒಡೆಯುವ ಭಯ, ಎಷ್ಟು ತೊಳೆದರೂ ಹೋಗದ ವಾಸನೆ. ಜಾಮೆಟ್ರಿ ಬಾಕ್ಸ್ ನೋಡಲು ಚೆಂದ, ನೀರಿನ ಪರೀಕ್ಷೆಯಲ್ಲಿ ನಪಾಸು. ಟಿಕ್‌ಟ್ಯಾಕ್ ಡಬ್ಬಿ ಖಾರದಪುಡಿಗೆ ಪರವಾಗಿಲ್ಲ, ಆದರೆ ಅದರ ಮೂತಿ ತಾನಾಗಿ ತೆರೆದುಕೊಳ್ಳುತ್ತದೆ. ಕೀಟನಾಶಕ, ಫಿನಾಯಿಲ್, ಥಿನ್ನರ್ ಇದ್ದ ಬಾಟಲಿಯನ್ನು ಮಾತ್ರ ಯಾವ ಕೆಲಸಕ್ಕೂ ತೆಗೆದುಕೊಳ್ಳಬೇಡಿ. ಎಷ್ಟು ತೊಳೆದರೂ ಬೇಡ.

ಪಂಕ್ಚರ್ ಅಂಗಡಿಯಲ್ಲಿ ಹಳೆ ಸೈಕಲ್ ಟ್ಯೂಬ್ ಕೇಳಿ ನೋಡಿ, ಸಾಮಾನ್ಯವಾಗಿ ಪುಕ್ಕಟೆ ಕೊಡುತ್ತಾರೆ. ಅದನ್ನು ಬಳೆಯಂತೆ ಎರಡು ಬೆರಳಗಲ ಕತ್ತರಿಸಿ, ಮುಚ್ಚಳ ಮತ್ತು ಡಬ್ಬಿ ಕೂಡುವ ಜಾಗದ ಮೇಲೆ ಎಳೆದು ಹಾಕಿ. ಮುಚ್ಚಳ ತಾನಾಗಿ ಬಿಚ್ಚುವುದಿಲ್ಲ, ಒದ್ದೆ ಕೈಗೂ ಹಿಡಿತ ಸಿಗುತ್ತದೆ. ಟಿಕ್‌ಟ್ಯಾಕ್ ಡಬ್ಬಿಯ ಬಾಯಿ ಮುಚ್ಚಿಸುವುದಕ್ಕೂ ಇದೇ ಮದ್ದು.

ಇಷ್ಟನ್ನೂ ಒಂದೇ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲಿಡಿ. ಹಲವು ಚೆಕ್‌ಪೋಸ್ಟ್‌ಗಳಲ್ಲಿ ಅರಣ್ಯದವರು ಬ್ಯಾಗ್ ತೆರೆಸಿ ಪ್ಲಾಸ್ಟಿಕ್ ನೋಡುತ್ತಾರೆ. ಡಬ್ಬಿಗಳನ್ನು ಮನೆಗೆ ವಾಪಸ್ ತರುವ ಸಾಮಾನು ಅಂತ ತೋರಿಸಿ, ಎಣಿಸಿ ಬರೆದುಕೊಂಡರೆ ಬರೆದುಕೊಳ್ಳಲಿ. ಬೆಂಕಿಕಡ್ಡಿ ಒಳಗೆ ಬೇಡ ಅಂದರೆ ವಾದ ಮಾಡದೆ ಅಲ್ಲೇ ಕೊಟ್ಟು ಹೋಗಿ. ಸೀಟಿ ಮಾತ್ರ ಯಾವ ಡಬ್ಬಿಗೂ ಹಾಕಬೇಡಿ, ಕೊರಳಲ್ಲೇ ಇರಲಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಒಂದು ನಿಮಿಷದಲ್ಲಿ ಆರು ಸಲ ಊದಿ, ಮುಂದಿನ ಒಂದು ನಿಮಿಷ ಸುಮ್ಮನಿದ್ದು ಕೇಳಿಸಿಕೊಳ್ಳಿ. ಆಮೇಲೆ ಮತ್ತೆ ಆರು.