ದಿನಕ್ಕೆ 20 ನಿಮಿಷದ ಪಿಟೀಲು

ಕೆಲಸ, ಮನೆ, ಮಕ್ಕಳ ಓದು ಎಲ್ಲ ಮುಗಿದ ಮೇಲೆ ಪಿಟೀಲಿಗೆ ನನಗೆ ಉಳಿಯುವುದು 20 ನಿಮಿಷ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಪಿಟೀಲಿಗೆ ಗಿಟಾರಿನ ಹಾಗೆ ಫ್ರೆಟ್, ಅಂದರೆ ಬೆರಳಿಡುವ ಜಾಗ ತೋರಿಸುವ ಅಡ್ಡಪಟ್ಟಿ, ಇಲ್ಲ. ಬೆರಳು ಸ್ವಲ್ಪ ಸರಿದರೂ ಸಾಕು, ಅಪಸ್ವರ. ವಾರವಿಡೀ ಮುಟ್ಟದಿದ್ದರೆ ಭಾನುವಾರದ ಮೊದಲ ಗಂಟೆ ಬೆರಳಿಗೆ ಜಾಗ ಹುಡುಕಿಕೊಡುವುದರಲ್ಲೇ ಹೋಗುತ್ತದೆ.

ಏನು ನುಡಿಸಬೇಕು ಎಂಬುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿಬಿಡುತ್ತೇನೆ. ಪುಟದಲ್ಲಿ ಕೈ ತಡವರಿಸಿದ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗೀಟು, ಅಷ್ಟೇ. ಮರುದಿನ ಶುರು ಮಾಡುವುದು ಅಲ್ಲಿಂದಲೇ. ಪೀಸಿನ ಮೊದಲ ಸಾಲು ಹೇಗೂ ಚೆನ್ನಾಗಿ ಬರುತ್ತದೆ, ಅದನ್ನು ಮತ್ತೆ ಮತ್ತೆ ನುಡಿಸಿದರೆ ಖುಷಿ ಜಾಸ್ತಿ, ಲಾಭ ಕಮ್ಮಿ.

ಈಚೆಗೆ ಕಾಡುತ್ತಿದ್ದದ್ದು ಎ ತಂತಿಯ ಮೇಲೆ ಒಂದನೇ ಪೊಸಿಷನ್‌ನಿಂದ ಮೂರನೆಯದಕ್ಕೆ ಕೈ ಜಾರುವ ಜಾಗ. ಪೊಸಿಷನ್ ಅಂದರೆ ಕುತ್ತಿಗೆಯ ಉದ್ದಕ್ಕೆ ಎಡಗೈ ನಿಲ್ಲುವ ಸ್ಥಾನ. ಅದರ ಹಿಂದಿನ ಎರಡು ಸ್ವರ, ಮುಂದಿನ ಎರಡು ಸ್ವರ ಮಾತ್ರ ತೆಗೆದುಕೊಂಡೆ. ಮೊದಲು ತಾಳ ಬಿಟ್ಟು, ಸುಮ್ನೆ ಕೈ ಜಾರಿಸುವುದು. ಹೆಬ್ಬೆರಳು ಪಿಟೀಲಿನ ಕುತ್ತಿಗೆಯನ್ನು ಹಿಡಿದುಕೊಂಡರೆ ಕೈ ಅರ್ಧದಲ್ಲೇ ನಿಲ್ಲುತ್ತದೆ. ಅದೂ ಕೈ ಜೊತೆಗೇ ಸಾಗಬೇಕು. ಸರಿಯಾದ ಜಾಗ ಸಿಕ್ಕಿತೋ ಇಲ್ಲವೋ ಎಂದು ಪಿಟೀಲೇ ಹೇಳುತ್ತದೆ. ಅಲ್ಲಿ ಮೊದಲ ಬೆರಳಿಗೆ ಬರುವುದು ಡಿ ಸ್ವರ. ಶ್ರುತಿ ಸರಿಯಿದ್ದರೆ ಪಕ್ಕದ ಖಾಲಿ (ಬೆರಳಿಡದ) ಡಿ ತಂತಿ ತಾನಾಗಿ ಕಂಪಿಸುತ್ತದೆ, ಕಣ್ಣಿಗೂ ಕಾಣುತ್ತದೆ. ಆಮೇಲೆ ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ನುಡಿಸುತ್ತೇನೆ. ಸತತ ಮೂರು ಸಲ ಸರಿ ಬಂದರೆ 64. ತಪ್ಪಿದರೆ ಮತ್ತೆ ಕೆಳಗೆ.

ಐದಾರು ನಿಮಿಷಕ್ಕೆ ಅದನ್ನು ಬಿಟ್ಟು ಸ್ಕೇಲೋ (ಸ್ವರಗಳ ಆರೋಹಣ ಅವರೋಹಣ) ಬೇರೆ ಪೀಸೋ ನುಡಿಸಿ, ಕೊನೆಯಲ್ಲಿ ಮತ್ತೆ ಅಲ್ಲಿಗೆ ಬರುತ್ತೇನೆ. ಒಂದೇ ಉಸಿರಿಗೆ ಹತ್ತು ಸಲ ನುಡಿಸಿದಾಗ ಹತ್ತನೆಯದು ಚೆನ್ನಾಗಿಯೇ ಬರುತ್ತದೆ, ಅದನ್ನು ನಂಬಬಾರದು. ಮರಳಿ ಬಂದಾಗ ಮೊದಲ ಸಲಕ್ಕೆ ಹೇಗೆ ಬಂತು ಅನ್ನೋದೇ ಲೆಕ್ಕ. ಆ ಒಂದು ಸಲವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಪಾತ್ರೆ ತೊಳೆಯುವಾಗ ಕೇಳುತ್ತೇನೆ. ನುಡಿಸುವಾಗ ಕಿವಿ ನಮ್ಮ ಪರವಾಗಿಯೇ ವಾದ ಮಾಡುತ್ತಿರುತ್ತದೆ!

ತೀರಾ ಸುಸ್ತಾದ ದಿನ ಬೆರಳಿನ ಕೆಲಸವೇ ಬೇಡ. ಖಾಲಿ ತಂತಿಗಳ ಮೇಲೆ ಕಮಾನನ್ನು ಅದರ ಬುಡದಿಂದ ತುದಿವರೆಗೆ ನಿಧಾನವಾಗಿ ಎಳೆಯುತ್ತೇನೆ. ವಾರಕ್ಕೊಂದು ದಿನ ತಿದ್ದುಪಡಿಗೂ ರಜೆ. ಗೊತ್ತಿರುವ ಪೀಸನ್ನು ಎಲ್ಲಿ ತಪ್ಪಿದರೂ ನಿಲ್ಲಿಸದೆ ಪೂರ್ತಿ ನುಡಿಸುವುದು.

ಮನೆಯವರು ಮಲಗಿದ್ದರೆ ತಂತಿಗಳನ್ನು ಹೊತ್ತಿರುವ ಬ್ರಿಡ್ಜಿಗೆ ಸದ್ದು ತಗ್ಗಿಸುವ ರಬ್ಬರ್ ಮ್ಯೂಟ್ ಹಾಕುತ್ತೇನೆ. ಆಗ ಎಡಗೈ ಅಭ್ಯಾಸ ಮಾತ್ರ, ನಾದದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮ್ಯೂಟ್ ಇದ್ದಾಗ ಕಮಾನು ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ.