ಅಜ್ಜಿಯ ಬದುಕನ್ನು ಕೂತು ಕೇಳಿ ಬರೆದಿಡುವುದು ಹೇಗೆ

"ಅಜ್ಜಿ, ನಿಮ್ಮ ಬಾಲ್ಯ ಹೇಗಿತ್ತು?" ಅಂತ ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ಹೇಗಿರುತ್ತೆ, ಕಷ್ಟ ಇತ್ತು ಕಣಪ್ಪ." ಮಾತು ಅಲ್ಲಿಗೇ ಮುಗಿಯುತ್ತದೆ. ಅದೇ ಅಜ್ಜಿಗೆ "ನಿಮ್ಮ ತವರಲ್ಲಿ ಬಾವಿ ಯಾವ ಕಡೆ ಇತ್ತು? ನೀರು ಸೇದ್ತಿದ್ದವರು ಯಾರು?" ಅಂತ ಕೇಳಿ ನೋಡಿ, ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಮನೆಯ ಹಿರಿಯರ ಅನುಭವ, ಇಷ್ಟಾನಿಷ್ಟ, ಇನ್ನೂ ಉಳಿದಿರುವ ಆಸೆಗಳನ್ನು ದಾಖಲಿಸಲು ಹೊರಟವರು ಇದೊಂದನ್ನು ಹಿಡಿದುಕೊಂಡರೆ ಸಾಕು: ಜಾಗ ಕೇಳಿ, ವಸ್ತು ಕೇಳಿ, ಕೆಲಸ ಕೇಳಿ, ಜನರ ಹೆಸರು ಕೇಳಿ. ಬದುಕಿನ ಬಗ್ಗೆ ಅವರಿಗೇನು ಅನಿಸಿದೆ ಎಂಬುದು ಆ ಮಾತುಗಳ ನಡುವೆ ತಾನಾಗಿ ಬರುತ್ತದೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಫೋನು, 200 ಪುಟದ ನೋಟ್‌ಬುಕ್ಕು, ಪೆನ್ಸಿಲ್ಲು, ಹಳೆಯ ಫೋಟೊ ಹತ್ತು ಹನ್ನೆರಡು. ಇವುಗಳ ಜೊತೆಗೆ ಅಟ್ಟದಿಂದ ನಾಲ್ಕು ಹಳೇ ಪಾತ್ರೆ ಇಳಿಸಿ. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಬಂದ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ತಾರೀಖು ಕೆತ್ತಿಸಿರುತ್ತಾರೆ. ಮರೆತುಹೋದ ನೆಂಟರು, ಇಸವಿ ಗೊತ್ತಿಲ್ಲದ ಸಮಾರಂಭಗಳು ಅಲ್ಲಿ ಸಿಗುತ್ತವೆ.

ಹೊತ್ತು ನೋಡಿಕೊಳ್ಳಿ. ಬೆಳಗಿನ ತಿಂಡಿ, ಮಾತ್ರೆ ಮುಗಿದ ಮೇಲೆ ಹತ್ತರಿಂದ ಹನ್ನೊಂದು ಗಂಟೆ ಬಹಳ ಜನಕ್ಕೆ ಒಗ್ಗುತ್ತದೆ; ಊಟದ ನಂತರ ಜೋಂಪು ಹತ್ತುತ್ತದೆ. ಒಂದು ಸಲ ಕೂತರೆ 40 ನಿಮಿಷ ಸಾಕು. ಅವರು ಇನ್ನೂ ಉತ್ಸಾಹದಲ್ಲಿದ್ದಾಗಲೇ ನಿಲ್ಲಿಸಿದರೆ ಮರುದಿನ ಅವರೇ "ನಿನ್ನೆ ಒಂದು ಹೇಳೋದು ಬಿಟ್ಟೆ" ಅಂತ ಶುರು ಮಾಡುತ್ತಾರೆ. ರಾತ್ರಿಯೆಲ್ಲ ನೆನಪು ಕೆದಕಿಕೊಂಡು ಬಂದ ಆ ಮಾತೇ ಹಿಂದಿನ ದಿನದ್ದಕ್ಕಿಂತ ಗಟ್ಟಿಯಾಗಿರುತ್ತದೆ.

ಧ್ವನಿ ಕೆಡುವುದಕ್ಕೆ ಮುಖ್ಯ ಕಾರಣ ಸೀಲಿಂಗ್ ಫ್ಯಾನು. ಅದನ್ನು ಆರಿಸಿ, ಸೆಖೆಯಿದ್ದರೆ ಗಾಳಿಯಾಡುವ ಜಗಲಿಗೆ ಬನ್ನಿ. ಕುಕ್ಕರ್ ಕೂಗುವ ಅಡುಗೆಮನೆ, ರಸ್ತೆ ಕಡೆಯ ಕಿಟಕಿ ಬೇಡ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಮಡಿಸಿದ ಟವೆಲಿನ ಮೇಲೆ, ಅವರ ಬಾಯಿಂದ ಸುಮಾರು ಒಂದು ಮೊಳ ದೂರದಲ್ಲಿಡಿ. ಬರಿಯ ಟೇಬಲ್ಲಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ದಾಖಲಾಗುತ್ತದೆ. ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ಪ್ರತಿ ಕಡತದ ಆರಂಭದಲ್ಲಿ ತಾರೀಖು, ಊರು, ಮಾತಾಡುವವರ ಹೆಸರನ್ನು ನೀವೇ ಹೇಳಿಬಿಡಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಗುಣಮಟ್ಟದ ಎಂ4ಎ ಮಾದರಿಯ ಧ್ವನಿಕಡತ ಗಂಟೆಗೆ ಸುಮಾರು 58 ಎಂ.ಬಿ. ಹಿಡಿಯುತ್ತದೆ, ಮಾತಿಗೆ ಅಷ್ಟು ಧಾರಾಳ.

ಕಿವಿ ಮಂದವಾಗಿದ್ದರೆ ಚೆನ್ನಾಗಿ ಕೇಳಿಸುವ ಕಡೆ ಕೂತು, ಮುಖ ಕಾಣುವ ಹಾಗೆ, ಕೀರಲಲ್ಲದ ದಪ್ಪ ದನಿಯಲ್ಲಿ ನಿಧಾನವಾಗಿ ಮಾತಾಡಿ. ಕಿರುಚಿದರೆ ಪದ ಒಡೆಯುತ್ತದೆ, ಅವರಿಗೂ ಗದರಿಸಿದಂತಾಗುತ್ತದೆ. ಮನೆಮಾತು ತುಳು, ಕೊಂಕಣಿ, ಲಂಬಾಣಿ, ಉರ್ದು ಯಾವುದೇ ಇರಲಿ, ಅದರಲ್ಲೇ ಹೇಳಲಿ.

ಮೊದಲ ದಿನ ಪ್ರಶ್ನೆಪಟ್ಟಿ ತೆಗೆಯಬೇಡಿ, ಮನೆಯ ನಕ್ಷೆ ಬರೆಯಿರಿ. ಅವರು ಹುಟ್ಟಿ ಬೆಳೆದ ಮನೆಯನ್ನು ಅವರು ಹೇಳುತ್ತಾ ಹೋಗಲಿ, ನೀವು ಪೆನ್ಸಿಲ್ಲಿನಲ್ಲಿ ಗೀಚುತ್ತಾ ಹೋಗಿ. ಬೀದಿಯಿಂದ ಬಂದರೆ ಮೊದಲು ಏನು? ಜಗಲಿ ಎಷ್ಟು ಎತ್ತರ, ಹತ್ತಿ ಕೂರಬೇಕಿತ್ತೇ? ಪಡಸಾಲೆಯಲ್ಲಿ ಕಂಬ ಎಷ್ಟು? ಒಲೆ ಯಾವ ದಿಕ್ಕಿಗೆ? ಬೀಸುವ ಕಲ್ಲು ಎಲ್ಲಿತ್ತು? ದನ ಕಟ್ಟುತ್ತಿದ್ದದ್ದು ಮನೆಯೊಳಗೋ ಹೊರಗೋ? ಬಾಣಂತಿ ಕೋಣೆ ಯಾವುದು? ರಾತ್ರಿ ನೀವು ಮಲಗುತ್ತಿದ್ದದ್ದು ಎಲ್ಲಿ, ಪಕ್ಕದಲ್ಲಿ ಯಾರು? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಯಾರ ಪಕ್ಕ ಮಲಗುತ್ತಿದ್ದರು ಎಂದು ಹೇಳುವಾಗ ಚಿಕ್ಕಂದಿನಲ್ಲೇ ತೀರಿಕೊಂಡ ತಂಗಿ, ಗಂಡ ಸತ್ತು ತವರಿಗೆ ಬಂದ ಸೋದರತ್ತೆ, ಓದಲು ಬಂದು ಉಳಿದ ನೆಂಟರ ಹುಡುಗ, ವಂಶವೃಕ್ಷದಲ್ಲಿ ಬಿಟ್ಟುಹೋದವರೆಲ್ಲ ಹೊರಗೆ ಬರುತ್ತಾರೆ. ನಕ್ಷೆ ತಪ್ಪಿದರೆ ಅವರೇ ಪೆನ್ಸಿಲ್ ಕಿತ್ತುಕೊಂಡು ತಿದ್ದುತ್ತಾರೆ. ಆ ಹಾಳೆಯನ್ನು ಜೋಪಾನವಾಗಿಡಿ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ದಾಖಲೆಯ ಜನ್ಮದಿನವನ್ನೂ ಪೂರ್ತಿ ನಂಬಬೇಡಿ; ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಲೆಕ್ಕ ಹಾಕಿ ಬರೆದ ಜೂನ್ 1 ಬಹಳ ಜನರ ಜನ್ಮದಿನವಾಗಿದೆ. ಜಾತಕವಿದ್ದರೆ ಅದರ ಸಂವತ್ಸರ ನೋಡಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ, ಖರ ಸಂವತ್ಸರದ ಶ್ರಾವಣ ಎಂದಿದ್ದರೆ ಎಪ್ಪತ್ತು ದಾಟಿದವರಿಗೆ ಅದು 1951ರ ಆಗಸ್ಟ್ ಹೊತ್ತು. ಜಾತಕ ಇಲ್ಲದಿದ್ದರೆ ಊರಿಗೆಲ್ಲ ಗೊತ್ತಿರುವ ಘಟನೆಗೆ ಗಂಟು ಹಾಕಿ: ಆಣೆ ಹೋಗಿ ನಯಾ ಪೈಸೆ ಬಂದಾಗ (1957ರ ಏಪ್ರಿಲ್) ಶಾಲೆಗೆ ಹೋಗುತ್ತಿದ್ದಿರಾ? ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಾಗ (1973) ಮದುವೆ ಆಗಿತ್ತೇ? ಟಿವಿಯಲ್ಲಿ ರಾಮಾಯಣ ಬರುತ್ತಿದ್ದಾಗ (1987–88) ಮಕ್ಕಳು ಎಷ್ಟನೇ ಕ್ಲಾಸು? ಕಲಬುರಗಿ, ರಾಯಚೂರು, ಬೀದರ ಕಡೆಯ ತೀರಾ ಹಿರಿಯರಿಗೆ ನಿಜಾಮನ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್, ಶರಾವತಿ ಕಣಿವೆಯವರಿಗೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು ಊರು ಮುಳುಗಿದ್ದು ಎಲ್ಲಕ್ಕಿಂತ ದೊಡ್ಡ ಗುರುತು. ರೈತರಾದರೆ ತಿಂಗಳಿಗಿಂತ ಮಳೆ ನಕ್ಷತ್ರ ಕೇಳಿ. "ಆರಿದ್ರಾ ಮಳೆ ಹಿಡಿದಿತ್ತು" ಎಂದರೆ ಜೂನ್ ಕೊನೆಯಿಂದ ಜುಲೈ ಮೊದಲ ವಾರ ಎಂದು ಬರೆದುಕೊಳ್ಳಬಹುದು.

ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಹಿರಿಯರಲ್ಲಿ ಹೆಚ್ಚು ದಟ್ಟವಾಗಿರುತ್ತವೆ. ಹಾಗಾಗಿ ಹೆಚ್ಚು ದಿನಗಳನ್ನು ಆ ವಯಸ್ಸಿಗೇ ಮೀಸಲಿಡಿ, ನೌಕರಿಯ ಬಡ್ತಿ, ವರ್ಗಾವಣೆಗಳನ್ನು ಒಂದೇ ದಿನದಲ್ಲಿ ದಾಟಿ.

ಇಷ್ಟದ ಪ್ರಶ್ನೆಗಳಲ್ಲಿ ತೊಡಕಿದೆ. "ನಿಮಗೆ ಯಾವ ತಿಂಡಿ ಇಷ್ಟ?" ಎಂದರೆ ಬಹುಪಾಲು ಹೆಂಗಸರು "ನನಗೇನು, ಎಲ್ಲಾ ತಿಂತೀನಿ" ಅನ್ನುತ್ತಾರೆ, ಇಲ್ಲವೇ ಗಂಡನಿಗೆ ಇಷ್ಟವಾದದ್ದನ್ನೇ ಹೇಳುತ್ತಾರೆ. ಬದುಕಿಡೀ ಯಾರೂ ಅವರನ್ನು ಈ ಪ್ರಶ್ನೆ ಕೇಳಿರುವುದಿಲ್ಲ. ಸುತ್ತುಬಳಸಿ ಬನ್ನಿ: ಮನೆಯಲ್ಲಿ ನೀವೊಬ್ಬರೇ ಇದ್ದರೆ ಏನು ಮಾಡ್ಕೊಳ್ತೀರಿ? ತವರಿಗೆ ಹೋದಾಗ ನಿಮ್ಮಮ್ಮ ಕೇಳದೇ ಮಾಡಿ ಹಾಕುತ್ತಿದ್ದದ್ದೇನು? ಜಾತ್ರೆಯಲ್ಲಿ ಕೈಯಲ್ಲಿ ನಾಲ್ಕಾಣೆ ಇದ್ದರೆ ಮೊದಲು ಯಾವ ಅಂಗಡಿಗೆ ಹೋಗ್ತಿದ್ದಿರಿ? ಯಾವ ಸೀರೆಯನ್ನು ಹರಿದರೂ ಎಸೆಯಲಿಲ್ಲ? ಉತ್ತರ ಬಂದ ಮೇಲೆ ಮಾಡುವ ವಿಧಾನವನ್ನೂ ಹೇಳಿಸಿ. ಅಳತೆ ಪಾವು, ಸೇರು, ಮುಷ್ಟಿಯಲ್ಲಿ ಬರುತ್ತದೆ. ಅವರ ಮುಷ್ಟಿಯಲ್ಲಿ ಬಂದಷ್ಟನ್ನೇ ತಕ್ಕಡಿಯಲ್ಲಿಟ್ಟು ತೂಗಿ ಗ್ರಾಂ ಬರೆದುಕೊಳ್ಳಿ, ಇಲ್ಲದಿದ್ದರೆ ಮುಂದೆ ಯಾರಿಗೂ ಆ ರುಚಿ ಬರುವುದಿಲ್ಲ.

ಮಾತು ಕೆಡಿಸುವವರು ಹೆಚ್ಚಾಗಿ ಪಕ್ಕದಲ್ಲಿ ಕೂತವರು. "ಹಾಗಲ್ಲಮ್ಮ, ಅದು ಆಮೇಲೆ ಆಗಿದ್ದು" ಎಂದು ಮಗ ಎರಡು ಸಲ ಹೇಳಿದರೆ ತಾಯಿ ಮೂರನೇ ಸಲ ಬಾಯಿ ಬಿಡುವುದಿಲ್ಲ. ಗಂಡ ಹೆಂಡತಿಯನ್ನು ಬೇರೆಬೇರೆಯಾಗಿಯೇ ಕೂರಿಸಿ. ಇಬ್ಬರ ಮಾತು ತಾಳೆಯಾಗದಿದ್ದರೆ ಎರಡನ್ನೂ ಹಾಗೇ ಬರೆದಿಡಿ. ನೀವೂ ಅವಸರ ಮಾಡಬೇಡಿ. ಅವರು ಸುಮ್ಮನಾದರೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಮರೆವಿನ ಕಾಯಿಲೆ ಇರುವವರಿಗೆ "ನೆನಪಿದೆಯಾ?" ಎಂಬ ಪದವನ್ನೇ ಬಳಸಬೇಡಿ, ಅದು ಪರೀಕ್ಷೆಯಂತೆ ಕೇಳಿಸುತ್ತದೆ. ಸೋಬಾನೆ ಪದದ ಒಂದು ಸಾಲು ನೀವು ಹೇಳಿ, ಮುಂದಿನದನ್ನು ಅವರು ಎತ್ತಿಕೊಳ್ಳುವುದಕ್ಕೆ ಕಾಯಿರಿ.

ಅಳು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ, ನೀರು ಕೊಡಿ, ಜೊತೆಗೆ ಕೂತಿರಿ. ಮುಂದುವರಿಸುವುದೋ ಬೇಡವೋ ಅವರೇ ಹೇಳಲಿ. "ಇದು ಯಾರಿಗೂ ಗೊತ್ತಾಗಬಾರದು" ಎಂದದ್ದು ಎಲ್ಲಿಗೂ ಹೋಗಕೂಡದು; ಕಡತದಿಂದಲೂ ಆ ಭಾಗವನ್ನು ಅಳಿಸಿ. ಆಸ್ತಿ ಪಾಲಿನ ಮಾತು ಬಂದರೆ ಇನ್ನೂ ಜಾಗ್ರತೆ. ಅಂಥ ದಿನ ಹಗುರವಾದ ವಿಷಯಕ್ಕೆ ತಂದು, ಕಾಫಿ ಕುಡಿದು ಏಳಿ.

ಆಸೆಗಳನ್ನು ಕೊನೆಗೆ ಕೇಳಿ. ಮೊದಲ ದಿನವೇ ಕೇಳಿದರೆ "ನಮ್ಮದೇನಿದೆ, ಹೋಗೋ ಕಾಲ" ಎಂಬ ಉತ್ತರ ಬಂದು ಬಾಗಿಲು ಮುಚ್ಚುತ್ತದೆ. ನಾಲ್ಕೈದು ಸಲ ಕೂತ ಮೇಲೆ, ಅವರು ಈಗ ಮಾಡುತ್ತಿರುವ ಕೆಲಸ ಹಿಡಿದು ಕೇಳಿ: ಈ ತೆಂಗಿನ ಸಸಿ ಯಾರಿಗೆ ಅಂತ ನೆಟ್ಟಿರಿ? ಬರೋ ದೀಪಾವಳಿಗೆ ಯಾರ್‍ಯಾರು ಬರಬೇಕು? ಇನ್ನೊಂದು ಸಲ ನೋಡಬೇಕು ಅನಿಸೋ ಊರು ಯಾವುದು? ಯಾರ ಹತ್ತಿರ ಮಾತು ಬಿಟ್ಟಿದ್ದೀರಿ, ಮತ್ತೆ ಆಡಬೇಕು ಅನಿಸುತ್ತಾ? ಬಂದ ಆಸೆಗಳಲ್ಲಿ ಕೈಲಾಗುವ ಒಂದನ್ನು ತಿಂಗಳೊಳಗೆ ನೆರವೇರಿಸಿ. ಹೆಚ್ಚಿನವು ಸಣ್ಣವು: ತವರೂರಿನ ದೇವರಿಗೆ ಹಣ್ಣುಕಾಯಿ, ಶಾಲೆಯ ಗೆಳತಿಗೊಂದು ಫೋನು. ಬರೀ ಕೇಳಿಸಿಕೊಂಡು ಪುಸ್ತಕ ಮಾಡಿ ಸುಮ್ಮನಾಗುವುದು ಸರಿಯಲ್ಲ.

ಬರಹಕ್ಕಿಳಿಸಲು ಒಂದು ಗಂಟೆಯ ಮಾತಿಗೆ ನಾಲ್ಕರಿಂದ ಆರು ಗಂಟೆ ಇಟ್ಟುಕೊಳ್ಳಿ. "ಹೋಗ್ಯಾಳ", "ಹೋಗವ್ಳೆ" ಎಂದದ್ದನ್ನು "ಹೋಗಿದ್ದಾಳೆ" ಎಂದು ತಿದ್ದಬೇಡಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಯೂನಿಕೋಡೇತರ ಫಾಂಟಿನಲ್ಲಿ ಮಾಡಿದರೆ ಆ ಫಾಂಟಿಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಧ್ವನಿಕಡತವನ್ನು ಫೋನಲ್ಲದೆ ಇನ್ನೂ ಎರಡು ಕಡೆ ಇಡಿ, ಅದರಲ್ಲೊಂದು ಬೇರೆ ಊರಿನ ಮನೆಯಲ್ಲಿರಲಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಅಚ್ಚು ಹಾಕಿಸುವ ಮುನ್ನ ಪೂರ್ತಿ ಪ್ರತಿಯನ್ನು ಅವರಿಗೆ ಓದಿ ಹೇಳಿ, ಆಗಲೂ ರೆಕಾರ್ಡರ್ ಚಾಲೂ ಇರಲಿ. "ಆ ಹೆಸರು ತಪ್ಪು, ಅವಳು ಗಿರಿಜೆಯ ಅಕ್ಕ" ಎಂದು ತಿದ್ದಲು ಶುರುಮಾಡಿ, ಗಿರಿಜೆ ಯಾರು ಎಂಬಲ್ಲಿಂದ ಹೊಸದೊಂದು ಅಧ್ಯಾಯವೇ ಹೊರಡಬಹುದು. ಅದನ್ನೂ ಸೇರಿಸಿಕೊಳ್ಳಿ. ಅಕ್ಷರದ ಅಳತೆ 16 ಪಾಯಿಂಟಿಗಿಂತ ಕಡಿಮೆ ಬೇಡ, ಮೊದಲ ಓದುಗರು ಅವರೇ ತಾನೆ.