ಘಾನಾದಲ್ಲಿ ಕಂಪನಿ ತೆರೆಯುವವರು ಬಂಡವಾಳ ಕಳಿಸುವ ಮುನ್ನ ತಿಳಿಯಬೇಕಾದದ್ದು

ಅಕ್ರಾ ಅಥವಾ ತೇಮಾದಲ್ಲಿ ಉದ್ಯಮ ಆರಂಭಿಸಲು ಹೊರಡುವ ಭಾರತೀಯರು ಕಂಪನಿ ನೋಂದಣಿಯ ಹಂತವನ್ನು ಸಲೀಸಾಗಿ ದಾಟುತ್ತಾರೆ. ಅವರು ಎಡವುವುದು ಬಂಡವಾಳದ ಹಣವನ್ನು ಆ ದೇಶಕ್ಕೆ ಒಯ್ಯುವ ಕ್ರಮದಲ್ಲಿ.

ಮೊದಲು ವ್ಯವಹಾರದ ಬಗೆಯನ್ನು ನಿರ್ಧರಿಸಬೇಕು. ಘಾನಾದ 2013ರ ಹೂಡಿಕೆ ಉತ್ತೇಜನ ಕೇಂದ್ರ ಕಾಯ್ದೆಯು ಸಂತೆಯ ಚಿಲ್ಲರೆ ವ್ಯಾಪಾರ, ಕ್ಷೌರದಂಗಡಿ, ಬ್ಯೂಟಿ ಪಾರ್ಲರ್, ಪ್ಯಾಕೆಟ್ ನೀರಿನ ತಯಾರಿಕೆ ಮತ್ತು ಮಾರಾಟ, ಔಷಧಗಳ ಚಿಲ್ಲರೆ ಮಾರಾಟ ಮುಂತಾದವನ್ನು ಸ್ಥಳೀಯರಿಗೆ ಮೀಸಲಿಟ್ಟಿದೆ. ಉಳಿದ ಬಹುತೇಕ ಕ್ಷೇತ್ರಗಳಲ್ಲಿ, ಕನಿಷ್ಠ ಶೇ 10ರಷ್ಟು ಷೇರು ಹೊಂದಿರುವ ಘಾನಾ ಪಾಲುದಾರರಿದ್ದರೆ ವಿದೇಶಿಯರು 2 ಲಕ್ಷ ಡಾಲರ್, ಪೂರ್ತಿ ವಿದೇಶಿ ಒಡೆತನವಾದರೆ 5 ಲಕ್ಷ ಡಾಲರ್ ಬಂಡವಾಳ ತೋರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಆಮದು ಸರಕನ್ನು ಕೊಂಡು ಮಾರುವ ವ್ಯಾಪಾರಕ್ಕೆ 10 ಲಕ್ಷ ಡಾಲರ್ ಬೇಕು, ಜೊತೆಗೆ 20 ಮಂದಿ ನುರಿತ ಸ್ಥಳೀಯರಿಗೆ ಕೆಲಸ ಕೊಡಬೇಕು. ಈ ಮಿತಿಗಳನ್ನು ತೆಗೆದುಹಾಕುವ ಇಂಗಿತವನ್ನು ಅಲ್ಲಿನ ಸರ್ಕಾರ 2025ರಲ್ಲಿ ವ್ಯಕ್ತಪಡಿಸಿರುವುದರಿಂದ, ಸದ್ಯ ಜಾರಿಯಲ್ಲಿರುವ ಮೊತ್ತವನ್ನು ಘಾನಾದ ಹೂಡಿಕೆ ಉತ್ತೇಜನ ಕೇಂದ್ರದಿಂದಲೇ ಬರಹದಲ್ಲಿ ಪಡೆದುಕೊಳ್ಳಿ. ಹೆಸರಿಗಷ್ಟೇ ಒಬ್ಬ ಸ್ಥಳೀಯರನ್ನು ಪಾಲುದಾರರನ್ನಾಗಿ ನಿಲ್ಲಿಸುವ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಜಗಳವಾದಾಗ ಷೇರು ಕಾಗದದಲ್ಲಿ ಇರುವ ಹೆಸರೇ ಗೆಲ್ಲುತ್ತದೆ.

2019ರ ಕಂಪನಿ ಕಾಯ್ದೆಯಡಿ ನೋಂದಣಿಗೆ ಇಬ್ಬರು ನಿರ್ದೇಶಕರು ಬೇಕು, ಅವರಲ್ಲಿ ಒಬ್ಬರು ಘಾನಾ ನಿವಾಸಿಯಾಗಿರಬೇಕು. ಕಂಪನಿ ಕಾರ್ಯದರ್ಶಿ, ಲೆಕ್ಕ ಪರಿಶೋಧಕರು, ಡಿಜಿಟಲ್ ವಿಳಾಸ ಮತ್ತು ನಿಜವಾದ ಒಡೆಯರ ವಿವರವೂ ಬೇಕು. ಸಮಯ ಉಳಿಯುತ್ತದೆಂದು ಮಧ್ಯವರ್ತಿಗಳು ಮಾರುವ ಸಿದ್ಧ ಕಂಪನಿಯನ್ನು ಕೊಳ್ಳಲೇಬೇಡಿ, ಏಕೆಂದರೆ ಅದರ ಹಳೆಯ ತೆರಿಗೆ ಬಾಕಿಯೂ ನಿಮ್ಮ ಹೆಗಲೇರುತ್ತದೆ.

ಇನ್ನು ಹಣದ ವಿಷಯ. ನೋಂದಣಿ ಪತ್ರ ಕೈಗೆ ಬಂದ ಮೇಲೆ ಕಂಪನಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಬೇಕು, ಆ ಖಾತೆಗೆ ಮಾತ್ರ, ಷೇರುದಾರರ ಸ್ವಂತ ಖಾತೆಯಿಂದ, ಷೇರು ಬಂಡವಾಳವೆಂಬ ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸಿ ಹಣ ಕಳಿಸಬೇಕು. ಅವಸರದಲ್ಲಿ ಪಾಲುದಾರರ ವೈಯಕ್ತಿಕ ಖಾತೆಗೆ ಕಳಿಸಿದ ಹಣ, ಕೈಯಲ್ಲಿ ಒಯ್ದು ವಿನಿಮಯ ಅಂಗಡಿಯಲ್ಲಿ ಅಲ್ಲಿನ ನಾಣ್ಯವಾದ ಸೆಡಿಗೆ ಬದಲಿಸಿದ ಹಣ, ಮುಂಗಡ ಬಾಡಿಗೆಗೆಂದು ನೇರವಾಗಿ ಕೊಟ್ಟ ಹಣ ಇವು ಯಾವುವೂ ಬಂಡವಾಳದ ಲೆಕ್ಕಕ್ಕೆ ಸೇರುವುದಿಲ್ಲ ಎಂದೇ ತಿಳಿಯಿರಿ, ಏಕೆಂದರೆ ಹಣ ಹೊರದೇಶದಿಂದ ಬ್ಯಾಂಕಿನ ಮೂಲಕ ಬಂದಿದೆಯೆಂದು ಆ ದೇಶದ ಕೇಂದ್ರೀಯ ಬ್ಯಾಂಕಾದ ಬ್ಯಾಂಕ್ ಆಫ್ ಘಾನಾ ದೃಢಪಡಿಸಿದ ಮೇಲಷ್ಟೇ ಹೂಡಿಕೆ ಉತ್ತೇಜನ ಕೇಂದ್ರವು ಅದನ್ನು ಒಪ್ಪುತ್ತದೆ. ಯಂತ್ರಗಳ ರೂಪದಲ್ಲೂ ಬಂಡವಾಳ ಹೂಡಬಹುದು, ಆದರೆ ಸರಕುಪಟ್ಟಿ, ಹಡಗಿನ ಸಾಗಣೆ ಪತ್ರ, ಸುಂಕದ ದಾಖಲೆ ಎಲ್ಲವೂ ಕಂಪನಿಯ ಹೆಸರಿನಲ್ಲೇ ಇರಬೇಕು.

ಭಾರತದ ತುದಿಯಲ್ಲೂ ಒಂದು ಮಿತಿಯಿದೆ. ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿ ಒಂದು ಆರ್ಥಿಕ ವರ್ಷದಲ್ಲಿ ಹೊರಕಳಿಸಬಹುದಾದದ್ದು 2.5 ಲಕ್ಷ ಡಾಲರ್. ಜಂಟಿ ಉದ್ಯಮದ 2 ಲಕ್ಷ ಇದರೊಳಗೆ ಬರುತ್ತದೆ. 5 ಲಕ್ಷ ಬೇಕಿದ್ದರೆ ಇನ್ನೊಬ್ಬ ಷೇರುದಾರರಿರಬೇಕು, ಇಲ್ಲವೇ ಅರ್ಧವನ್ನು ಮಾರ್ಚ್‌ನೊಳಗೆ, ಉಳಿದರ್ಧವನ್ನು ಏಪ್ರಿಲ್‌ನಲ್ಲಿ ಕಳಿಸಿ ಎರಡು ಆರ್ಥಿಕ ವರ್ಷಗಳಿಗೆ ಹಂಚಬೇಕು. ಕುಟುಂಬದ ಖರ್ಚು, ಉಡುಗೊರೆ ಎಂದು ಬರೆದು ಕಳಿಸುವ ಅಡ್ಡದಾರಿಯಿಂದ ಎರಡೂ ದೇಶಗಳಲ್ಲಿ ತೊಂದರೆ. ರವಾನೆಯ ಮೊದಲೇ ನಿಮ್ಮ ಬ್ಯಾಂಕಿಗೆ ಸಾಗರೋತ್ತರ ಹೂಡಿಕೆಯ ಎಫ್‌ಸಿ ನಮೂನೆ ಸಲ್ಲಿಸಿ, ಆರು ತಿಂಗಳೊಳಗೆ ಷೇರು ಪತ್ರ ಒಪ್ಪಿಸಿ.

ಹಣ ದೃಢಪಟ್ಟ ಮೇಲೆ ಕಂಪನಿಯನ್ನು ಹೂಡಿಕೆ ಉತ್ತೇಜನ ಕೇಂದ್ರದಲ್ಲೂ ನೋಂದಾಯಿಸಿ, ಆ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿ. ವಿದೇಶಿ ಸಿಬ್ಬಂದಿಯ ಕೋಟಾ ಬಂಡವಾಳದ ಮೇಲೆ ನಿಂತಿದೆ: 50 ಸಾವಿರದಿಂದ 2.5 ಲಕ್ಷ ಡಾಲರ್‌ವರೆಗೆ ಒಬ್ಬರಿಗೆ, 5 ಲಕ್ಷದವರೆಗೆ ಇಬ್ಬರಿಗೆ. ಆದ್ದರಿಂದ 2 ಲಕ್ಷದೊಂದಿಗೆ ಅಣ್ಣತಮ್ಮಂದಿರಿಬ್ಬರೂ ಹೊರಟರೆ ತಾನಾಗಿ ಸಿಗುವ ಅವಕಾಶ ಒಬ್ಬರದೇ. ಮನೆ ಖಾಲಿ ಮಾಡುವ ಮುನ್ನ ಯಾರು ಹೋಗುವುದೆಂದು ತೀರ್ಮಾನಿಸಿಕೊಳ್ಳಿ. ಸಿಬ್ಬಂದಿ ಸೇರಿದ ತಿಂಗಳಿನಿಂದಲೇ ಪಿಂಚಣಿಗಾಗಿ ಮೂಲ ವೇತನದ ಶೇ 13ನ್ನು ಕಂಪನಿಯೂ ಶೇ 5.5ನ್ನು ನೌಕರರೂ ತುಂಬಬೇಕು, ಅದಕ್ಕೆ ಮುಂದಿನ ತಿಂಗಳ 14ನೇ ತಾರೀಖು ಕೊನೆಯ ದಿನ.